ಆಫೀಸಿಗೊಂದು ಪ್ಲಾನು, ಮನೆಗೊಂದು ಪ್ಲಾನು

ನಮ್ಮ ಹೊಳೆನರಸೀಪುರದಲ್ಲಿ ಮನೆ ಕಟ್ಟುವವರ ಹತ್ತಿರ ಎರಡು ಪ್ಲಾನು ಇರುತ್ತವೆ. ಒಂದು ಪುರಸಭೆಯ ಆಫೀಸಿಗೆ, ಇನ್ನೊಂದು ಮನೆಗೆ. ಆಫೀಸಿನ ಪ್ಲಾನಿನಲ್ಲಿ ಸುತ್ತಲೂ ಜಾಗ ಬಿಟ್ಟಿರುತ್ತಾರೆ, ಮಳೆನೀರು ಇಂಗಲು ಗುಂಡಿ ಇರುತ್ತದೆ, ಗೇಟಿನ ಪಕ್ಕ ಎರಡು ಗಿಡಗಳನ್ನೂ ಬರೆದಿರುತ್ತಾರೆ. ಮನೆಯ ಪ್ಲಾನಿನಲ್ಲಿ ಆ ಜಾಗವನ್ನೆಲ್ಲ ನುಂಗಿ ಒಂದು ಸ್ಟೋರು, ಒಂದು ಬಚ್ಚಲು, ಮೆಟ್ಟಿಲಡಿ ಒಂದು ಟಾಯ್ಲೆಟ್ಟು ಎದ್ದಿರುತ್ತದೆ. ಅರಕಲಗೂಡಿನಲ್ಲಿ ಬೇರೆ ಥರ, ಹಾಸನದಲ್ಲಿ ಬೇರೆ ಥರ ಎಂದೇನೂ ಇಲ್ಲ. ಇದನ್ನು ಯಾರೂ ಮೋಸ ಎಂದು ತಿಳಿಯುವುದಿಲ್ಲ. ಹೆಣ್ಣು ನೋಡಲು ಬರುವ ದಿನ ಪಕ್ಕದ ಮನೆಯಿಂದ ಒಳ್ಳೆಯ ಕುರ್ಚಿಗಳನ್ನು ತಂದು ಹಾಕುವುದಿಲ್ಲವೇ, ಅಷ್ಟೇ ಇದು. ನಾನೂ ಹಾಗೆಯೇ ತಿಳಿದಿದ್ದೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಮಲ್ಲಿಪಟ್ಟಣ, ಹಳ್ಳಿಮೈಸೂರು, ಕೊನೆಗೆ ಚನ್ನರಾಯಪಟ್ಟಣದ ಕಡೆ ಒಂದು ಆರೋಗ್ಯ ಕೇಂದ್ರ, ಹೀಗೆ ಜಿಲ್ಲೆಯೊಳಗೇ ಸುತ್ತಿ ನಿವೃತ್ತಳಾಗಿ ತವರಿಗೆ ಬಂದೆ. ತವರು ಎನ್ನುವುದೂ ತಪ್ಪೇ. ಮದುವೆಯಾಗಿ ಹೋದವಳಿಗೆ ತವರು. ನಾನು ಹೋಗಲೇ ಇಲ್ಲ. ಯಾಕಮ್ಮ ಆಗಲಿಲ್ಲ ಎಂದು ಕೇಳುವವರು ನಮ್ಮ ಕಡೆ ಈಗಲೂ ಇದ್ದಾರೆ. ಅಂಥವರಿಗೆ ಬಿ.ಪಿ. ನೋಡುವಾಗ ತೋಳಿನ ಪಟ್ಟಿಗೆ ಒಂದೆರಡು ಸಲ ಹೆಚ್ಚಿಗೆ ಗಾಳಿ ಒತ್ತುತ್ತಿದ್ದೆ.

ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಅಂತ ಒಂದು ಕೋಣೆ ಇರಲಿಲ್ಲ. ಟ್ರೈನಿಂಗಿನಲ್ಲಿ ಹಾಸ್ಟೆಲ್ಲಿನ ಉದ್ದನೆಯ ಹಾಲು, ಸಾಲು ಮಂಚಗಳು. ಕ್ವಾರ್ಟರ್ಸು ಸಿಕ್ಕಿದಾಗಲೂ ಇನ್ನೊಬ್ಬ ಸಿಸ್ಟರಿನ ಸಂಸಾರದ ಜೊತೆ ಹಂಚಿಕೊಂಡದ್ದು. ಅವಳ ಗಂಡ ಹಾಲಿನಲ್ಲಿ ಪೇಪರು ಓದುತ್ತಾ ಕೂತಿದ್ದರೆ ನಾನು ಬಚ್ಚಲಿನಲ್ಲಿ ನಿಂತು ಸೀರೆ ಉಡಬೇಕು, ನೆರಿಗೆಯ ಅಂಚೆಲ್ಲ ಒದ್ದೆ. ಊರಿಗೆ ಬಂದರೆ ನಡುಮನೆಯಲ್ಲಿ ಅವ್ವನ ಮಂಚ, ಅದರ ಪಕ್ಕ ನನ್ನ ಚಾಪೆ. ನನಗೆ ಆಸೆಯಿದ್ದದ್ದು ದೊಡ್ಡದೇನಲ್ಲ. ಒಂದು ಕೋಣೆ, ಅದಕ್ಕೊಂದು ಬಾಗಿಲು, ನಾನು ಬೇಕೆಂದಾಗ ಹಾಕಿಕೊಳ್ಳುವಂಥದ್ದು. ಮಧ್ಯಾಹ್ನ ಸೆರಗು ಸರಿದರೆ ಸರಿದುಕೊಂಡಿರಲಿ ಎಂದು ಮಲಗುವಂಥದ್ದು.

ನಮ್ಮದು ಪೇಟೆಯ ಹಿಂದಿನ ಬೀದಿಯಲ್ಲಿ ನಾಡಹೆಂಚಿನ ಮನೆ. ಬೀದಿಗೆ ಅಂಟಿಕೊಂಡ ಜಗಲಿ, ಎರಡೂ ಪಕ್ಕ ಅಕ್ಕಪಕ್ಕದವರ ಗೋಡೆ, ಹಿಂದೆ ಮಾತ್ರ ಒಂದಿಷ್ಟು ಹಿತ್ತಲು. ಒಂದು ಪಕ್ಕದ ಗೋಡೆ ಬಸುರಿಯ ಹೊಟ್ಟೆಯಂತೆ ಮುಂದಕ್ಕೆ ಬಂದಿತ್ತು. ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ನನ್ನ ತಮ್ಮ, ಇನ್ನು ಇದನ್ನು ಕೆಡವಿ ತಾರಸಿ ಮನೆ ಕಟ್ಟುವುದೇ ಸರಿ ಎಂದ. ಅವನು, ಅವನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನ ಮಗ, ಅವ್ವ, ನಾನು. ಇಷ್ಟು ಜನಕ್ಕೆ ಮನೆ ಬೇಕಿತ್ತು.

ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿತ್ತು. ಒಬ್ಬರ ಹೆಸರಿಗೆ ಬರದೆ ಕಟ್ಟಡದ ಪರವಾನಗಿ ಕೊಡುವುದಿಲ್ಲ. ಹಾಗಾಗಿ ಅವ್ವನೂ ನಾನೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ನಮ್ಮ ನಮ್ಮ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟೆವು. ಅವ್ವ ಹೆಬ್ಬೆಟ್ಟು ಒತ್ತಿ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ಆಚೆ ಬಂದು ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ತಮ್ಮ ತಾನಾಗಿಯೇ ಹೇಳಿದ.

"ಅಕ್ಕ, ಹೊಸ ಮನೇಲಿ ನಿಂಗೊಂದು ರೂಮು ಕಣಕ್ಕ. ಬಾತ್‌ರೂಮು ಅದ್ರೊಳಗೇ. ಇನ್ಮೇಲೆ ಚಾಪೆ ಮೇಲೆ ಮಲಗಿದ್ದು ಸಾಕು."

ನಾನು ಕೇಳದೆ ಅವನೇ ಹೇಳಿದ್ದು. ಚಟ್ನಿ ಖಾರವಾಗಿತ್ತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೇ ನೆಪವಾಯಿತು.

ಪ್ಲಾನು ಬರೆಯುವ ಎಂಜಿನಿಯರು ಝೆರಾಕ್ಸ್ ಅಂಗಡಿಯ ಮೇಲೆ ಆಫೀಸು ಇಟ್ಟಿದ್ದ ಚಿಕ್ಕ ವಯಸ್ಸಿನವನು. ನನ್ನ ಕೋಣೆಯನ್ನು ಹಿತ್ತಲಿನ ಕಡೆ ಹಾಕಿದ. ಎಂಟಡಿ ಅಗಲ, ಹತ್ತಡಿ ಉದ್ದ. ಕಿಟಕಿಯನ್ನು ತಗ್ಗಿನಲ್ಲಿ ಇಡಪ್ಪ, ಮಲಗಿಕೊಂಡೇ ಆಚೆ ಕಾಣಬೇಕು ಎಂದೆ. ಕಂಪ್ಯೂಟರಿನಲ್ಲಿ ಕಿಟಕಿ ಬರೆದ, ಗೋಡೆಯಲ್ಲಿ ಬೀರು ಬರೆದ, ಕೇಳದೆ ಒಂದು ಮಂಚವನ್ನೂ ಬರೆದ. ದಿಂಬು ಸಹ ಬರೆದಿದ್ದ. ನೋಡುತ್ತಾ ನೋಡುತ್ತಾ ನಾನು ಆ ದಿಂಬಿಗೆ ಯಾವ ಬಣ್ಣದ ಕವರು ಹಾಕಲಿ ಎಂದು ಯೋಚಿಸುತ್ತಿದ್ದೆ.

ಆಮೇಲೆ ಅವನು ಕತ್ತು ತುರಿಸಿಕೊಂಡ. "ಮೇಡಂ, ಹಿಂದುಗಡೆ ಸೆಟ್‌ಬ್ಯಾಕ್ ಬಿಡಬೇಕು. ಈ ರೂಮ್ ತೋರಿಸಿದ್ರೆ ಪಾಸಾಗಲ್ಲ. ಜಾಗ ಬಿಟ್ಟು ಬರೆದ್ರೆ ಮಂಚ ಹಾಕೋಕೂ ಆಗದಷ್ಟು ಸಣ್ಣ ಓಣಿ ಉಳಿಯುತ್ತೆ. ಏನ್ ಮಾಡೋಣ?"

ತಮ್ಮ ನನ್ನ ಮುಖ ನೋಡಿದ. ನಾನೇ ಹೇಳಿದೆ. "ಆಫೀಸಿನ ಪ್ಲಾನಿಂದ ತೆಗೆದುಬಿಡಿ. ಮನೆ ಪ್ಲಾನಲ್ಲಿ ಇರಲಿ. ಊರೆಲ್ಲ ಮಾಡೋದು ಹಾಗೇ ತಾನೇ?"

ಅವನು ಒಂದು ಗುಂಡಿ ಒತ್ತಿದ. ಗೋಡೆ, ಕಿಟಕಿ, ಬೀರು, ಮಂಚ, ದಿಂಬು ಎಲ್ಲ ಹೋಗಿ ಬಿಳಿ ಉಳಿಯಿತು. ನಾವೆಲ್ಲ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಎರಡನೆಯದು ನನಗೆ ಗೊತ್ತಿಲ್ಲ. ಮೊದಲನೆಯದಕ್ಕೂ ಮೊದಲು ಪರವಾನಗಿ ತಂದು ನೋಡು ಎಂದು ಸೇರಿಸಬೇಕಿತ್ತು. ಓಡಾಡುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ತಮ್ಮನಿಗೆ ಅಂಗಡಿ, ಬಿತ್ತನೆಯ ಕಾಲ ಬೇರೆ. ಅವನ ಹೆಂಡತಿಗೆ ಮಕ್ಕಳು, ಅಡುಗೆ. ನಾನು ನಿವೃತ್ತಳು, ನಿವೃತ್ತಿಯಾದ ಹೆಂಗಸು ಎಂದರೆ ಮನೆಯವರ ಲೆಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ಕೊಡೆ, ಬೇಕಾದಾಗ ತೆಗೆದುಕೊಂಡು ಹೋಗಬಹುದು. ನನಗೇನೂ ಬೇಸರವಿರಲಿಲ್ಲ. ನನ್ನ ಕೋಣೆಗೆ ನಾನೇ ಓಡಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಪುರಸಭೆಯಲ್ಲಿ ಲಂಚ ಕೇಳಿದರು ಎಂಬ ಕತೆಗೆ ಕಾದಿರುವವರಿಗೆ ನಿರಾಸೆಯಾದೀತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ನಾನು ಎಂದೋ ಇಂಜೆಕ್ಷನ್ ಚುಚ್ಚಿದವಳು, ಹೆದರಿಕೆ ಇನ್ನೂ ಇದ್ದಿರಬೇಕು. ತಡವಾದದ್ದು ಬೇರೆ ಕಾರಣಕ್ಕೆ. ಇ-ಖಾತೆ ಆಗಬೇಕು, ಅದು ಆಗುವ ದಿನ ಸರ್ವರ್ ಇರುವುದಿಲ್ಲ. ಸರ್ವರ್ ಇದ್ದ ದಿನ ಸಾಹೇಬರು ಹಾಸನಕ್ಕೆ ಮೀಟಿಂಗಿಗೆ ಹೋಗಿರುತ್ತಾರೆ. ಹಳೇ ಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇದ್ದವರ ಮನೆ ಮಾರಿಹೋಗಿ ಮೂರನೆಯವರ ಕೈಗೆ ಬಂದಿತ್ತು, ಅವರ ಕಾಗದ ತರಬೇಕು. ಖಾಲಿ ಜಾಗದ ಫೋಟೋ ಎಂದರು, ನಮ್ಮದು ಖಾಲಿಯಲ್ಲ ಸ್ವಾಮಿ, ಮನೆ ನಿಂತಿದೆ ಎಂದೆ. ಹಾಗಾದರೆ ನಿಂತಿರುವ ಮನೆಯ ಮುಂದೆ ಮಾಲೀಕರು ನಿಂತಿರುವ ಫೋಟೋ ಎಂದರು. ತಮ್ಮ ಅಂಗಡಿಯಿಂದ ಬಂದು, ಗೊಬ್ಬರದ ಧೂಳಿನ ಶರ್ಟಿನಲ್ಲೇ ಜಗಲಿಯ ಮುಂದೆ ನಿಂತ. ಫೋಟೋ ತೆಗೆದದ್ದು ನಾನು. ನನ್ನ ಹೆಬ್ಬೆರಳಿನ ನೆರಳು ಒಂದು ಮೂಲೆಯಲ್ಲಿ ಬಿದ್ದಿತ್ತು, ಎರಡನೆಯ ಸಲ ತೆಗೆಯಬೇಕಾಯಿತು.

ಹೋಗಿ ಹೋಗಿ ಅಲ್ಲಿಯ ಬೆಂಚಿನಲ್ಲಿ ನನಗೊಂದು ಜಾಗವೇ ಆಯಿತು. ಕೇಸ್ ವರ್ಕರಿಗೆ ಸಕ್ಕರೆ ಕಾಯಿಲೆ. ಮಾತ್ರೆಯನ್ನು ಊಟಕ್ಕೆ ಮುಂಚೆ ನುಂಗಬೇಕೋ ಆಮೇಲೋ ಎಂದು ನನ್ನನ್ನೇ ಕೇಳುತ್ತಿದ್ದರು. "ಬನ್ನಿ ಸಿಸ್ಟರಮ್ಮ, ನಿಮ್ಮ ಫೈಲು ಮೇಲಕ್ಕೆ ಹೋಗೈತೆ, ಕೆಳಕ್ಕೆ ಬರ್ಬೇಕಷ್ಟೆ" ಎನ್ನುತ್ತಿದ್ದರು. ಆ ಮೇಲೆ ಕೆಳಗೆ ಎಲ್ಲಿ ಎಂದು ನನಗೆ ಕೊನೆಗೂ ಗೊತ್ತಾಗಲಿಲ್ಲ. ಕಟ್ಟಡವೇ ಒಂದು ಅಂತಸ್ತಿನದು.

ಪ್ರತಿ ಸಲವೂ ಯಾರಾದರೂ ಮೇಜಿನ ಮೇಲೆ ನಮ್ಮ ಪ್ಲಾನನ್ನು ಬಿಡಿಸುತ್ತಿದ್ದರು. ಹಿಂಭಾಗದ ಆ ಬಿಳಿಯ ಮೇಲೆ ಬೆರಳಿಟ್ಟು, "ಇಲ್ಲಿ ಬಿಟ್ಟಿದ್ದೀರ, ಸರಿ" ಎನ್ನುತ್ತಿದ್ದರು. ನನಗೆ ಒಳಗೊಳಗೇ ನಗು. ಅಯ್ಯಾ, ನೀನು ಬೆರಳಿಟ್ಟಿರುವುದು ನನ್ನ ದಿಂಬಿನ ಮೇಲೆ ಎಂದುಕೊಳ್ಳುತ್ತಿದ್ದೆ. ಈ ವಯಸ್ಸಿನಲ್ಲಿ ಕದ್ದು ಮಾವಿನಕಾಯಿ ತಿಂದಷ್ಟು ಖುಷಿ. ಈಗ ನೆನೆದರೆ ಆ ನಗುವಿನ ಮೇಲೇ ಕೋಪ ಬರುತ್ತದೆ.

ಆಷಾಢಕ್ಕೆ ಮುಂಚೆ ಪರವಾನಗಿ ಕೈಗೆ ಬಂತು. ಸೀಲು ಹೊಡೆದ ಪ್ಲಾನನ್ನು ಸೀರೆ ಮಡಿಸಿದ ಹಾಗೆ ಮಡಿಸಿ ಎದೆಗೆ ಅವಚಿಕೊಂಡು ನಡೆದುಬಂದೆ. ದಾರಿಯಲ್ಲಿ ಮೈಸೂರುಪಾಕು ಕಟ್ಟಿಸಿದೆ. ತಮ್ಮ ಕಾಗದವನ್ನು ದೇವರ ಮುಂದೆ ಇಟ್ಟು ಕಣ್ಣಿಗೆ ಒತ್ತಿಕೊಂಡ. "ನೀನಿಲ್ದಿದ್ರೆ ಇದು ಆಯ್ತಿರ್ಲಿಲ್ಲ ಕಣಕ್ಕ" ಎಂದ. ಆ ಮಾತು ನಿಜವೇ.

ಪಕ್ಕದ ಬೀದಿಯಲ್ಲಿ ಬಾಡಿಗೆಗೆ ಒಂದು ಮನೆ ಹಿಡಿದು ಸಾಮಾನು ಸಾಗಿಸಿದೆವು. ಹಳೇ ಮನೆ ಬಿತ್ತು. ಗುದ್ದಲಿ ಪೂಜೆಯಾಯಿತು. ಮೇಸ್ತ್ರಿ ಮನೆಯ ಪ್ಲಾನು ಹಿಡಿದುಕೊಂಡು ದಾರ ಎಳೆದು ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ. ನಾನು ನೋಡಲು ಹೋದೆ. ಇದು ಹಾಲು, ಇದು ಅಡುಗೆಮನೆ ಎಂದು ತೋರಿಸಿದ. ಹಿಂದಕ್ಕೆ ಹೋಗಿ, ನನ್ನದು ಯಾವುದು ಎಂದು ಆತುರದಲ್ಲಿ ಒಂದು ಗೆರೆ ದಾಟಿ ಒಳಗೆ ಕಾಲಿಟ್ಟೆ.

"ಅಯ್ಯೋ, ಗ್ವಾಡೆ ಒಳಗಿಂದ ಬಂದ್ಬುಟ್ರಲ್ಲ ಸಿಸ್ಟರಮ್ಮ! ಬಾಗಿಲು ಈ ಕಡೆಗದೆ, ಇಂಗೆ ಬನ್ನಿ" ಎಂದು ಮೇಸ್ತ್ರಿ ನಕ್ಕ.

ನಾನು ಆಚೆ ಹೋಗಿ, ಸುತ್ತಿಬಂದು, ಗೆರೆಯಿಲ್ಲದ ಕಡೆಯಿಂದ ಬಲಗಾಲಿಟ್ಟು ಒಳಗೆ ಬಂದೆ. ಮಂಚ ಬರುವ ಕಡೆ ನಿಂತೆ. ಕಿಟಕಿ ಬರುವ ಕಡೆ ಮುಖ ಮಾಡಿದೆ. ಹಿಂದಿನ ಮನೆಯವರ ನುಗ್ಗೆಮರ ಹೂ ಬಿಟ್ಟಿತ್ತು. ನನ್ನ ಬದುಕಿನಲ್ಲಿ ಅಷ್ಟು ನೆಮ್ಮದಿಯಾಗಿ ನಾನು ಎಲ್ಲೂ ನಿಂತದ್ದು ನೆನಪಿಲ್ಲ. ಎರಡು ನಿಮಿಷ ನಿಂತಿರಬೇಕು. ಆ ಕೋಣೆಯಲ್ಲಿ ನಾನು ಬಾಳಿದ್ದು ಅಷ್ಟೇ.

ಆ ಹಿಂದಿನ ಮನೆಯವರ ವಿಷಯ ಹೇಳಬೇಕು. ಅವರ ಹಿಂದಿನ ಕೋಣೆಯಲ್ಲಿ ವಯಸ್ಸಾದ ಯಜಮಾನರು ಮಲಗಿದ್ದರು. ದಮ್ಮು. ಒಂದು ಮಾತಾಡಿದರೆ ಮೂರು ಸಲ ಉಸಿರು ಎಳೆಯಬೇಕು. ಊರಿಗೆ ಬಂದ ಮೇಲೆ ಅವರಿಗೆ ಇಂಜೆಕ್ಷನ್ ಕೊಡುವುದು, ಮೂಗಿಗೆ ಹೊಗೆ ಔಷಧ ಹಿಡಿಯುವುದು ನನ್ನದೇ ಕೆಲಸವಾಗಿತ್ತು. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದು ನಮ್ಮ ಹಿತ್ತಲಿನ ಕಡೆಗೆ. ಹಿತ್ತಲಿನಲ್ಲಿ ಏನೂ ಇಲ್ಲದಿದ್ದರಿಂದ ಇಷ್ಟು ವರ್ಷ ಗಾಳಿ ಬೆಳಕಿಗೆ ತೊಂದರೆ ಇರಲಿಲ್ಲ.

ಪಾಯಕ್ಕೆ ಸೈಜುಗಲ್ಲು ಇಳಿಸಿದ ದಿನ ಆ ಮನೆಯ ಸೊಸೆ ಬಂದಳು. ಜಗಳಕ್ಕೆ ಬಂದವಳಲ್ಲ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಳು. "ಸಿಸ್ಟರಮ್ಮ, ಇಲ್ಲಿಗಂಟ ಗ್ವಾಡೆ ಬತ್ತದಾ? ಮಾವನೋರ ಕಿಟ್ಕಿಗೆ ಪೂರಾ ಅಡ್ಡ ಆಯ್ತದಲ್ಲ. ಅವರಿಗೆ ಉಸ್ರೇ ಇಲ್ಲ, ಇನ್ ಗಾಳೀನೂ ಇಲ್ದಂಗಾದ್ರೆ ಎಂಗೆ? ನೀವೇ ಯೋಳಿ, ನೀವು ತಿಳ್ದೋರು."

ತಿಳಿದವಳೇ ನಾನು. ದಮ್ಮಿನವರ ಕಿಟಕಿ ಮುಚ್ಚಬೇಡಿ ಎಂದು ಊರೂರು ತಿರುಗಿ ಹೇಳಿದ ಬಾಯಿ ಇದು. ತಮ್ಮನಿಗೆ ಹೇಳಿದೆ. "ನಮ್ಮ ಜಾಗ, ನಮ್ಮ ಗ್ವಾಡೆ. ಅವರ್ ಮನೆಗೆ ಕಿಟ್ಕಿ ಬೇಕು ಅಂತ ನಾವು ಬಯಲಲ್ಲಿ ಮಲಗಕ್ಕಾಯ್ತದಾ?" ಎಂದ. ಅವನ ಕೋಪ ನನ್ನ ಕೋಣೆಯ ಪರವಾಗಿತ್ತು. ಅದನ್ನು ನಾನು ಮರೆಯುವುದಿಲ್ಲ. ಆದರೆ ಆ ಸೊಸೆಯ ಗಂಡ ಪುರಸಭೆಗೆ ಒಂದು ಅರ್ಜಿ ಕೊಟ್ಟ. ಅವನ ಜಾಗದಲ್ಲಿ ನಾನಿದ್ದರೆ ನಾನೂ ಕೊಡುತ್ತಿದ್ದೆ.

ಪುರಸಭೆಯ ಎಂಜಿನಿಯರು ಟೇಪು ಹಿಡಿದು ಬಂದರು. ಕೈಯಲ್ಲಿದ್ದದ್ದು ನಾನು ಎದೆಗೆ ಅವಚಿಕೊಂಡು ತಂದ ಪ್ಲಾನಿನದೇ ಇನ್ನೊಂದು ಪ್ರತಿ. ಪಾಯದ ಗುಂಡಿಯ ದಡದಲ್ಲಿ ನಿಂತು ಒಮ್ಮೆ ಕಾಗದ ನೋಡಿದರು, ಒಮ್ಮೆ ನೆಲ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೆಂಚಿನ ಮೇಲೆ ದಿನಗಟ್ಟಲೆ ಕೂತವಳ ಗುರುತು ಅವರಿಗೆ ಇಲ್ಲದೆ ಇರುತ್ತದೆಯೇ.

"ಇಲ್ಲಿ ಪ್ಲಾನಲ್ಲಿ ಏನೂ ಇಲ್ವಲ್ಲ ಮೇಡಂ" ಎಂದರು. ಗದರಿಸಲಿಲ್ಲ. ಮೆತ್ತಗೆ ಹೇಳಿದರು. "ಯಾರೂ ಕಂಪ್ಲೇಂಟ್ ಕೊಡದೆ ಇದ್ದಿದ್ರೆ ಬೇರೆ ಮಾತು. ಈಗ ಬರೆದುಕೊಟ್ಟಿದ್ದಾರೆ. ಪ್ಲಾನ್ ಪ್ರಕಾರ ಬಿಟ್ಟುಬಿಡಿ, ಇಲ್ಲಾಂದ್ರೆ ಪೂರ್ತಿ ಲೈಸೆನ್ಸೇ ಕ್ಯಾನ್ಸಲ್ ಆಗುತ್ತೆ."

ಅವತ್ತು ಸಂಜೆ ಬಾಡಿಗೆ ಮನೆಯಲ್ಲಿ ಎಲ್ಲರೂ ಕೂತೆವು. ಝೆರಾಕ್ಸ್ ಅಂಗಡಿಯ ಮೇಲಿನ ಎಂಜಿನಿಯರೂ ಬಂದ. ಪ್ಲಾನನ್ನು ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೆ ಲೋಟ ಇಟ್ಟ. ಮುಂದೆ ಕಾರು ನಿಲ್ಲಿಸುವ ಜಾಗ, ಹಾಲು, ತಮ್ಮ ಮತ್ತು ಅವನ ಹೆಂಡತಿಯ ರೂಮು, ಮಕ್ಕಳ ರೂಮು, ದೇವರ ಮನೆ, ಅಡುಗೆಮನೆ. ಹಾಲಿನ ಒಂದು ಮೂಲೆ ಅವ್ವನ ಮಂಚಕ್ಕೆ. ಹಾಲನ್ನು ಮೊಟಕು ಮಾಡಿದರೆ ಒಂದು ಪುಟ್ಟ ಕೋಣೆ ತೆಗೆಯಬಹುದು, ಹೊಸದಾಗಿ ಪ್ಲಾನು ತೋರಿಸಬೇಕು, ಆದರೆ ಆಗುತ್ತದೆ ಎಂದು ಎಂಜಿನಿಯರು ಅಂದ.

ನಾನು ಕಾದೆ. ಬಾಯಿ ಬಿಟ್ಟು ಕೇಳಲಿಲ್ಲ. ಕೇಳದೆ ಕೊಟ್ಟಿದ್ದನ್ನು ಕೇಳಿ ಉಳಿಸಿಕೊಳ್ಳಬೇಕೇ ಎಂಬ ಹಟ. ನನ್ನ ತಮ್ಮನ ಹೆಂಡತಿ ಕೆಟ್ಟವಳಲ್ಲ, ಮೆಲ್ಲಗೆ, "ಹಾಲು ಚಿಕ್ಕದಾದ್ರೆ ನಾಳೆ ಮಗಳನ್ನ ನೋಡಕ್ಕೆ ಬಂದೋರು ಎಲ್ಲಿ ಕೂತ್ಕತಾರಕ್ಕ?" ಎಂದಳು. ಅದೂ ಸರಿಯೇ. ಮಕ್ಕಳಿಗೆ ಓದಲು ರೂಮು ಬೇಕು, ಅದೂ ಸರಿಯೇ. ದೇವರನ್ನು ಎಬ್ಬಿಸಿ ಮಲಗುವಷ್ಟು ನಾಸ್ತಿಕಳಲ್ಲ ನಾನು. ಇನ್ನೂ ಕೊಳ್ಳದ ಕಾರಿಗೂ ಒಂದು ಜಾಗ ಕಾನೂನೇ ಕೊಟ್ಟಿತ್ತು. ಎಲ್ಲರದೂ ಸರಿಯಾಗಿತ್ತು.

ತಮ್ಮ ತಲೆ ಬಗ್ಗಿಸಿಕೊಂಡು ಲೋಟವನ್ನು ತಿರುಗಿಸುತ್ತಿದ್ದ. ಕೊನೆಗೆ ಹೇಳಿದ. "ಪ್ಲಾನಲ್ಲೇ ಇಲ್ವಲ್ಲಕ್ಕ. ನಾನ್ ಏನ್ ಮಾಡ್ಲಿ?"

"ಪ್ಲಾನಿಂದ ತೆಗ್ಸಿದ್ದು ನಾನು ಕಣೋ" ಎಂದೆ.

"ಅದೇ ಕಣಕ್ಕ ನಾನೂ ಯೋಳ್ತಿರೋದು."

ಅವನು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಗೊಬ್ಬರದ ಅಂಗಡಿಯವನು, ಮಾತನ್ನು ಅಳೆದು ತೂಗಿ ಆಡುವ ಅಭ್ಯಾಸ ಅವನಿಗಿಲ್ಲ. ಆದರೆ ಅಷ್ಟು ದಿನ ನಗುತ್ತಾ ಆಫೀಸಿನ ಪ್ಲಾನು, ಸುಳ್ಳು ಪ್ಲಾನು ಎನ್ನುತ್ತಿದ್ದವರಿಗೆ ಆ ಹೊತ್ತಿನಲ್ಲಿ ಅದೇ ನಿಜದ ಪ್ಲಾನಾಯಿತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎದ್ದು ಹೋಗಿ ಒಲೆಯ ಮೇಲಿದ್ದ ಸಾರನ್ನು ಸುಮ್ಮಸುಮ್ಮನೆ ತಿರುವಿದೆ.

ಗುಂಡಿ ಮುಚ್ಚುವ ದಿನ ನಾನು ಅಲ್ಲಿಗೆ ಹೋಗಬಾರದಿತ್ತು. ಕೆಲಸದವರಿಗೆ ಟೀ ತೆಗೆದುಕೊಂಡು ಹೋಗುವ ಸರದಿ ನನ್ನದು, ಹೋದೆ. ಇಳಿಸಿದ್ದ ಸೈಜುಗಲ್ಲುಗಳನ್ನು ಕಿತ್ತು ಮುಂದಿನ ಕಾಂಪೌಂಡಿಗೆ ಸಾಗಿಸಿದ್ದರು. ಇಬ್ಬರು ಹೆಂಗಸರು ಬಾಂಡ್ಲಿಯಲ್ಲಿ ಮಣ್ಣು ತಂದು ಸುರಿಯುತ್ತಿದ್ದರು. ಮೇಸ್ತ್ರಿ ನನ್ನನ್ನು ನೋಡಿ ಆ ಕಡೆ ತಿರುಗಿಕೊಂಡ. ಹೆಣ ಮುಚ್ಚುವಾಗ ಒಂದು ಹಿಡಿ ಮಣ್ಣು ಹಾಕುವುದಾದರೂ ಇರುತ್ತದೆ. ಇಲ್ಲಿ ಏನು ಮಾಡಬೇಕೆಂದು ತಿಳಿಯದೆ ಎಲ್ಲರಿಗೂ ಟೀ ಬಗ್ಗಿಸಿ ಕೊಟ್ಟೆ, ಸಕ್ಕರೆ ಸಾಕೇ ಎಂದು ಕೇಳಿದೆ.

ಮನೆ ಎದ್ದಿತು. ಹಿಂದೆ ಕಾನೂನಿನ ಪ್ರಕಾರ ಜಾಗ ಬಿಟ್ಟೆವು, ಇಡೀ ಬೀದಿಯಲ್ಲಿ ನಮ್ಮದೊಂದೇ ಹಾಗೆ ಬಿಟ್ಟ ಮನೆ. ಒಂದು ದಿನ ಯಜಮಾನರಿಗೆ ಇಂಜೆಕ್ಷನ್ ಕೊಡಲು ಹೋದಾಗ ಅವರು ಕಿಟಕಿಯ ಕಡೆ ಕೈ ತೋರಿಸಿ, ಉಸಿರು ಎಳೆದೆಳೆದು ಹೇಳಿದರು. "ಗಾಳಿ... ಬತ್ತೈತೆ ಕಣವ್ವ. ನಿನ್ ಹೊಟ್ಟೆ ತಣ್ಣಗಿರ್ಲಿ." ನನಗೆ ಸಂತೋಷವಾದದ್ದು ಸುಳ್ಳಲ್ಲ. ಹೊಟ್ಟೆ ಉರಿದದ್ದೂ ಸುಳ್ಳಲ್ಲ. ಸೂಜಿಯನ್ನು ಮಾತ್ರ ಎಂದಿನ ಹಾಗೆ ಮೆಲ್ಲಗೆ ಚುಚ್ಚಿದೆ.

ಗೃಹಪ್ರವೇಶಕ್ಕೆ ಮಲ್ಲಿಪಟ್ಟಣದಿಂದ, ಹಳ್ಳಿಮೈಸೂರಿನಿಂದ ನೆಂಟರು ಬಂದರು. ಹೆಂಗಸರು ಗುಂಪಾಗಿ ರೂಮು ರೂಮು ನೋಡುತ್ತಾ ಟೈಲ್ಸು ಮುಟ್ಟಿ, ನಲ್ಲಿ ತಿರುಗಿಸಿ, ಬೀರುವಿನ ಬಾಗಿಲು ತೆಗೆದು ಹಾಕಿ ಮಾಡುತ್ತಿದ್ದರು. ಚಿಕ್ಕಮ್ಮ ಒಬ್ಬಳು, ಕಿವಿ ಸ್ವಲ್ಪ ಮಂದ, ಆದ್ದರಿಂದ ಮಾತು ಜೋರು, ಎಲ್ಲರ ಮಧ್ಯೆ ನಿಂತು ಕೇಳಿದಳು. "ನಿನ್ ರೂಮ್ ಯಾವ್ದವ್ವಾ? ಅದ್ನ ತೋರಿಸ್ಲೇ ಇಲ್ವಲ್ಲ!"

ತಮ್ಮನ ಹೆಂಡತಿ ಕುಂಕುಮದ ಬಟ್ಟಲು ಹಿಡಿದವಳು ಹಾಗೇ ನಿಂತಳು. ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮೂಲೆಯ ಮಂಚದ ಮೇಲೆ ಕೂತಿದ್ದ ಅವ್ವ ಕೂಗಿಕೊಂಡಳು. "ಅವಳ್ಗ್ಯಾಕೆ ರೂಮು? ನಾನಿಲ್ದೆ ಅವಳ್ಗೆ ನಿದ್ದೆ ಬತ್ತದಾ? ಚಿಕ್ ಮಗೀನಂಗೆ ನನ್ ಮಗ್ಗುಲಲ್ಲೇ ಬಿದ್ಕತಾಳೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವ್ವನ ಮೇಲೆ ನನಗೆ ಅಷ್ಟು ಕೋಪ ಯಾವತ್ತೂ ಬಂದಿರಲಿಲ್ಲ. ಊಟದ ಎಲೆಗಳೆಲ್ಲ ಎದ್ದ ಮೇಲೆ ಅವಳಿಗೆ ಮಾತ್ರೆ ಕೊಡಲು ಹೋದೆ. ಮುಖ ಕೊಟ್ಟು ಮಾತಾಡಲಿಲ್ಲ. ಅವ್ವ ನನ್ನ ಮುಂಗೈ ಹಿಡಿದುಕೊಂಡಳು.

"ಮುನಿಸ್ಕಬ್ಯಾಡ ಕಣವ್ವ. ಇನ್ನೇನ್ ಅನ್ನನ ನಾನು? ಇಲ್ಲ ಅಂದ್ರೆ ನಿಂಗೆ ಅವಮಾನ. ಐತೆ ಅಂದ್ರೆ ಎಲ್ಲಿ ಅಂತ ತೋರಿಸ್ಬೇಕು."

ಅವಳ ಕೈ ಒಣಗಿದ ಬಾಳೆಪಟ್ಟೆಯ ಹಾಗಿತ್ತು. ಆಗ ಅತ್ತೆ. ಅಷ್ಟು ದಿನದ್ದನ್ನೆಲ್ಲ ಸೇರಿಸಿ ಅತ್ತೆ. ಅಡುಗೆಯವರು ಹಿಂದೆ ಪಾತ್ರೆ ಉಜ್ಜುತ್ತಿದ್ದರು, ಸದ್ದು ಕೇಳಲಿಲ್ಲ.

ಹಾಲಿನಲ್ಲಿ ಅವ್ವನ ಮಂಚದ ಪಕ್ಕ ಚಾಪೆ ಹಾಕಿಕೊಂಡು ಒಂದಷ್ಟು ತಿಂಗಳು ಕಳೆದೆ. ಯಾರೂ ನನಗೆ ಏನೂ ಅನ್ನಲಿಲ್ಲ. ಹಾಲು ಎಂದರೆ ಹಾಲೇ; ಟಿ.ವಿ. ಅಲ್ಲೇ, ತಮ್ಮನನ್ನು ನೋಡಲು ಬೆಳಗಾಗುವ ಮೊದಲೇ ಬರುವ ರೈತರು ಅಲ್ಲೇ, ತಮ್ಮನ ಮಗನ ಗೆಳೆಯರು ಅಲ್ಲೇ. ಬಾಗಿಲು ತಟ್ಟಿದ ಸದ್ದಾದರೆ ಎದ್ದು ಚಾಪೆ ಸುತ್ತುವುದು ನನಗೆ ಅಭ್ಯಾಸವಾಯಿತು. ಒಂದು ದಿನ ಜ್ವರ ಬಂದು ಹಗಲು ಮಲಗಿದ್ದೆ. ಬಂದವರೊಬ್ಬರು ನನ್ನ ಕಾಲಿನ ಹತ್ತಿರ ಕುರ್ಚಿ ಎಳೆದುಕೊಂಡು ಯೂರಿಯಾ ಯಾವಾಗ ಬರುತ್ತದೆ ಎಂದು ಮಾತಾಡುತ್ತಾ ಕೂತರು. ನಾನು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡೆ. ಹೋಗಬೇಕು ಎಂದು ಆಗಲೇ ತೀರ್ಮಾನಿಸಿದೆ.

ಹಾಸನದ ಒಂದು ನರ್ಸಿಂಗ್ ಹೋಮಿನಲ್ಲಿ ವಯಸ್ಸಾದ ಸಿಸ್ಟರುಗಳನ್ನೂ ತೆಗೆದುಕೊಳ್ಳುತ್ತಿದ್ದರು. ಕೆಲಸ ಸಿಕ್ಕಿತು, ದಿನಾ ಬಸ್ಸಿನಲ್ಲಿ ಓಡಾಡಲು ಆಗುವುದಿಲ್ಲ, ಅಲ್ಲೇ ಒಂದು ರೂಮು ಮಾಡುತ್ತೇನೆ ಎಂದೆ. ಎಲ್ಲರೂ ಈ ವಯಸ್ಸಿನಲ್ಲಿ ಯಾಕೆ ಎಂದರು. ಇರು ಎಂದು ಯಾರೂ ಎರಡನೆಯ ಸಲ ಅನ್ನಲಿಲ್ಲ. ಅವ್ವ ಮಾತ್ರ, "ಓಗು, ಅಲ್ಲಾದ್ರೂ ಕಾಲ್ ಚಾಚ್ಕಂಡು ಮಲ್ಗು" ಎಂದಳು. ಭಾನುವಾರ ಹೋಗಿ ಅವಳ ತಲೆಗೆ ಎಣ್ಣೆ ಹಚ್ಚಿ, ಉಗುರು ಕತ್ತರಿಸಿ, ಸಂಜೆಯ ಬಸ್ಸಿಗೆ ಬರುತ್ತೇನೆ.

ಈ ವರ್ಷ ಯುಗಾದಿ ಕಳೆದ ಮೇಲೆ ತಮ್ಮ ನನ್ನ ರೂಮಿಗೆ ಬಂದ. ಮೊದಲ ಸಲ ಬಂದವನು, ಎಲ್ಲಿ ಕೂರಬೇಕೆಂದು ತಿಳಿಯದೆ ಮಂಚದ ತುದಿಯಲ್ಲಿ ಕೂತ. ಕಾಫಿ ಕೊಟ್ಟೆ. ಕಂಕುಳಲ್ಲಿದ್ದ ಕಾಗದದ ಸುರುಳಿ ಬಿಚ್ಚಿ ಹಾಸಿಗೆಯ ಮೇಲೆ ಹರಡಿದ. ಮೇಲೆ ಇನ್ನೊಂದು ಅಂತಸ್ತು ಎತ್ತುತ್ತಾನಂತೆ, ಮಗನ ಮದುವೆಯ ಹೊತ್ತಿಗೆ ಇರಲಿ ಎಂದು. ಪುರಸಭೆಗೆ ಮತ್ತೆ ಓಡಾಡಬೇಕು, ಅಲ್ಲಿಯವರೆಲ್ಲ ನಿನಗೆ ಗೊತ್ತು, ರಜೆ ಸಿಕ್ಕಿದಾಗ ಬಂದು ಸ್ವಲ್ಪ ನೋಡಿಕೊಡಕ್ಕ ಎಂದ.

"ಇದು ಆಫೀಸಿಂದೋ, ಮನೇದೋ?" ಎಂದು ಕೇಳಿದೆ.

"ಎರಡೂ ಒಂದೇ ಕಣಕ್ಕ. ಆ ಸವಾಸ ಬ್ಯಾಡ ಅಂತ ಒಂದೇ ಮಾಡ್ಸಿದೀನಿ."

ಕನ್ನಡಕ ಹಾಕಿಕೊಂಡು ನೋಡಿದೆ. ಗೆರೆಗಳನ್ನು ಓದುವುದು ನನಗೆ ಈಗ ಚೆನ್ನಾಗಿ ಬರುತ್ತದೆ. ಹಾಲು, ಅಡುಗೆಮನೆ, ಮಗ ಸೊಸೆಗೆ ದೊಡ್ಡ ರೂಮು, ಮುಂದೆ ಬಾಲ್ಕನಿ. ಮೆಟ್ಟಿಲು ಹತ್ತಿದ ಕೂಡಲೇ ಎಡಕ್ಕೆ ಒಂದು ಕೋಣೆ. ಒಳ್ಳೆಯ ಕೋಣೆ, ಪೂರ್ವಕ್ಕೆ ಕಿಟಕಿ, ಬಾತ್‌ರೂಮು ಅದರೊಳಗೇ. ತಮ್ಮ ಅದರ ಮೇಲೆ ಬೆರಳಿಟ್ಟ. ಅವನ ಕಣ್ಣು ತೇವವಾಗಿತ್ತು, ಅಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಹೇಳುವವನ ಹಾಗೆ ನನ್ನ ಕಡೆ ತಿರುಗಿದ.

"ಇದು ನಿಂದೇ ಕಣಕ್ಕ. ನೀನ್ ಬಂದಾಗೆಲ್ಲ ಇರಕ್ಕೆ."

ಬಂದಾಗ ಇರುವುದಕ್ಕೆ. ಅವನು ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ನಾನು ಹೂಂ ಎಂದೆ, ಚೆನ್ನಾಗಿದೆ ಕಣೋ ಎಂದೆ, ಸೋಮವಾರ ರಜೆ ಹಾಕಿ ಬರುತ್ತೇನೆ ಎಂದೆ. ಅವನು ಬಸ್ಸಿಗೆ ಹೋದ ಮೇಲೆ ಕಾಫಿ ಲೋಟ ತೊಳೆದಿಟ್ಟು, ಆ ಪ್ಲಾನನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ.